ಒಲೆ ಆರಿದ ಮೇಲಿನ ಹುಳಿ

ಹನ್ನೊಂದು ವರ್ಷಗಳ ಹಿಂದೆ ತಂಗಿಯ ಮಗನ ನಾಮಕರಣಕ್ಕೆ ನಲವತ್ತು ಜನರ ಚಿತ್ರಾನ್ನವನ್ನು ನಾನೇ ಮಾಡುತ್ತೇನೆಂದು ಧೈರ್ಯವಾಗಿ ಒಪ್ಪಿಕೊಂಡಿದ್ದೆ. ಏಪ್ರಿಲ್ ತಿಂಗಳ ಬಿಸಿಲು, ಮೂರು ಕಿಲೋ ಅಕ್ಕಿಯ ಅನ್ನ, ಇಪ್ಪತ್ತೈದು ನಿಂಬೆಹಣ್ಣು. ಒಗ್ಗರಣೆ ಇನ್ನೂ ಸಿಡಿಯುತ್ತಿದ್ದ ದೊಡ್ಡ ಬಾಣಲೆಗೆ ಅಷ್ಟೂ ಹಣ್ಣಿನ ರಸವನ್ನು ಒಮ್ಮೆಗೇ ಸುರಿದು, ಹಸಿ ವಾಸನೆ ಹೋಗಲೆಂದು ಐದು ನಿಮಿಷ ಕುದಿಸಿ, ಅದಕ್ಕೆ ಹಬೆಯಾಡುವ ಅನ್ನವನ್ನು ಹಾಕಿ ಕಲಸಿದೆ. ಬಣ್ಣವೇನೋ ಚೆನ್ನಾಗಿಯೇ ಬಂತು. ಊಟಕ್ಕೆ ಕುಳಿತವರು ಯಾರೂ ಬಾಯಿ ಬಿಟ್ಟು ಏನನ್ನೂ ಹೇಳಲಿಲ್ಲ, ಆದರೆ ಮಕ್ಕಳ ಎಲೆಗಳಲ್ಲಿ ಚಿತ್ರಾನ್ನ ಹಾಗೆಯೇ ಉಳಿಯಿತು. ತಂಗಿಯ ಗಂಡನ ಕಡೆಯ ಹಿರಿಯರೊಬ್ಬರು ಕೈ ತೊಳೆಯುವಾಗ ಮೆಲ್ಲನೆ, “ಮೆಂತ್ಯ ಒಂದು ಚೂರು ಜಾಸ್ತಿ ಬಿತ್ತೇನಮ್ಮಾ?” ಎಂದು ಕೇಳಿದರು. ಚಿತ್ರಾನ್ನಕ್ಕೆ ನಾನು ಮೆಂತ್ಯವನ್ನೇ ಹಾಕಿರಲಿಲ್ಲ.

ಆ ಕಹಿ ಎಲ್ಲಿಂದ ಬಂತೆಂಬುದು ತಿಳಿಯಲು ನಾನು ಶಿರಸಿ ಕಡೆಯ ನಮ್ಮ ಅತ್ತೆಯವರ ಅಡುಗೆಮನೆಯಲ್ಲಿ ಎರಡು ಬೇಸಿಗೆ ಕಳೆಯಬೇಕಾಯಿತು. ಅಲ್ಲಿ ಹಿತ್ತಿಲಿನ ಕಂಚಿಕಾಯಿಯ, ಅಂದರೆ ನಿಂಬೆ ಜಾತಿಯ ಒಂದು ದೊಡ್ಡ ಕಾಯಿಯ, ಹುಳಿಯಿಂದ ಅಪ್ಪೆಹುಳಿ ಎಂಬ ತಿಳಿಸಾರು ಮಾಡುವಾಗ ನಾನು ಪಾತ್ರೆಯನ್ನು ಒಲೆಯ ಮೇಲಿಡಲು ಹೋದರೆ, ಅತ್ತೆ ಕೈ ಹಿಡಿದು, “ಕುದಿಸಡ ಮಾರಾಯ್ತಿ, ಕಹಿ ಆಗ್ತು” ಎಂದರು. ಅವರು ಅನುಭವದಿಂದ ಹೇಳಿದ್ದಕ್ಕೆ ರಸಾಯನಶಾಸ್ತ್ರದ ವಿವರಣೆಯೂ ಇದೆ. ನಿಂಬೆ ಜಾತಿಯ ಹಣ್ಣುಗಳ ತೊಳೆಯ ಪೊರೆಯಲ್ಲಿಯೂ ಬೀಜದಲ್ಲಿಯೂ ತಾನಾಗಿ ಕಹಿಯಿಲ್ಲದ ಒಂದು ವಸ್ತುವಿರುತ್ತದೆ. ಹಣ್ಣನ್ನು ಹಿಂಡಿದಾಗ ಅದು ಹುಳಿರಸದೊಡನೆ ಬೆರೆತು ನಿಧಾನವಾಗಿ ಲಿಮೊನಿನ್ ಎಂಬ ಕಹಿ ಪದಾರ್ಥವಾಗಿ ಮಾರ್ಪಡುತ್ತದೆ, ಬಿಸಿ ತಾಗಿದರೆ ಆ ಮಾರ್ಪಾಟು ಇನ್ನೂ ಬೇಗ ನಡೆಯುತ್ತದೆ. ಇದರ ಜೊತೆಗೆ ಸಿಪ್ಪೆಯ ಎಣ್ಣೆಯಿಂದ ಬರುವ ಪರಿಮಳವು ಕುದಿಯುವಾಗ ಹಬೆಯೊಂದಿಗೆ ಹಾರಿಹೋಗುತ್ತದೆ, ಸಿ ಜೀವಸತ್ವವೂ ನಷ್ಟವಾಗುತ್ತದೆ. ಪರಿಮಳ ಹೋಗಿ ಕಹಿ ಉಳಿದದ್ದೇ ನಾನು ನಾಮಕರಣಕ್ಕೆ ಬಡಿಸಿದ ಚಿತ್ರಾನ್ನ.

ಈಗ ನಾನು ಮಾಡುವ ಕ್ರಮ ಬೇರೆ. ಕಾಲು ಕಿಲೋ ಹಳೆಯ ಸೋನಾ ಮಸೂರಿ ಅಕ್ಕಿಯ ಅನ್ನವನ್ನು ಉದುರುದುರಾಗಿ ಮಾಡಿ, ಅಗಲವಾದ ತಟ್ಟೆಯಲ್ಲಿ ಹರಡಿ, ಮೇಲೆ ಒಂದು ಚಮಚ ಎಣ್ಣೆ ಸವರಿ, ಮುಂಗೈಯನ್ನು ಹತ್ತಿರ ಹಿಡಿದರೆ ಬಿಸಿ ತಾಕದಿರುವಷ್ಟು ಆರಲು ಬಿಡುತ್ತೇನೆ. ಕಡಲೆಕಾಯಿ ಎಣ್ಣೆಯಲ್ಲಿ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಕಡಲೆಕಾಯಿ ಬೀಜ, ಸೀಳಿದ ಐದಾರು ಹಸಿಮೆಣಸಿನಕಾಯಿ, ಕರಿಬೇವು, ಇಂಗು, ಅರಿಶಿನ ಇಷ್ಟನ್ನೂ ಹಾಕಿ ಒಗ್ಗರಣೆ ಮಾಡಿ, ಒಲೆ ಆರಿಸಿ, ಅದನ್ನೂ ಹತ್ತು ನಿಮಿಷ ತಣಿಯಲು ಬಿಡುತ್ತೇನೆ. ಎರಡು ಹಣ್ಣಿನ ರಸವನ್ನು ಬೀಜ ಸೋಸಿ ಬಟ್ಟಲಿಗೆ ತೆಗೆದು, ಉಪ್ಪನ್ನು ಅನ್ನಕ್ಕೆ ಹಾಕುವ ಬದಲು ಈ ರಸದಲ್ಲಿಯೇ ಕದಡಿಕೊಳ್ಳುತ್ತೇನೆ; ಹಾಗೆ ಮಾಡಿದರೆ ಉಪ್ಪು ಹುಳಿಗಳೆರಡೂ ಒಂದೊಂದು ಅಗುಳಿಗೂ ಸಮನಾಗಿ ಹಿಡಿಯುತ್ತವೆ. ಒಗ್ಗರಣೆಯನ್ನು ಅನ್ನಕ್ಕೆ ಬೆರೆಸಿಯಾದ ಮೇಲೆಯೇ ರಸ, ಅದೂ ಮೊದಲು ಅರ್ಧ, ರುಚಿ ನೋಡಿ ಉಳಿದರ್ಧ. ಕೊನೆಗೆ ಒಂದು ಹಣ್ಣಿನ ಹಸಿರು ತೊಗಟೆಯನ್ನು ಮಾತ್ರ, ಒಳಗಿನ ಬಿಳಿ ಭಾಗ ಬಾರದಂತೆ, ಸಣ್ಣ ತುರಿಮಣೆಯಲ್ಲಿ ಎರಡು ಸಲ ಎಳೆದು ಆ ತುರಿಯನ್ನು ಉದುರಿಸುತ್ತೇನೆ. ಸಿಪ್ಪೆಯ ಮೇಲೆ ಕಾಣುವ ಸಣ್ಣ ಸಣ್ಣ ಚುಕ್ಕೆಗಳೆಲ್ಲವೂ ಎಣ್ಣೆಯ ಚೀಲಗಳೇ ಆದ್ದರಿಂದ ಪರಿಮಳವಿರುವುದು ರಸದಲ್ಲಿ ಅಷ್ಟಾಗಿ ಅಲ್ಲ, ಅಲ್ಲಿ. ನಮ್ಮ ಅಮ್ಮ ಇದನ್ನು ಮಾಡುತ್ತಿರಲಿಲ್ಲ. ಇದು ನನ್ನದೇ ಸೇರ್ಪಡೆ, ಮನೆಯಲ್ಲಿ ಈಗ ಇದಿಲ್ಲದೆ ಒಪ್ಪುವುದಿಲ್ಲ.

ನಿಂಬೆಹಣ್ಣಿನ ಸಾರಿಗೂ ಇದೇ ಎಚ್ಚರಿಕೆ, ಆದರೆ ಅಲ್ಲಿ ಇನ್ನೊಂದು ತೊಡಕಿದೆ: ಸಾರು ಬಿಸಿಯಾಗಿಯೇ ಬೇಕು. ತೊಗರಿಬೇಳೆಯನ್ನು ಮೆತ್ತಗೆ ಬೇಯಿಸಿ ತೆಳ್ಳನೆಯ ಕಟ್ಟು ಮಾಡಿ, ಅದಕ್ಕೆ ಜಜ್ಜಿದ ಶುಂಠಿ, ಎರಡು ಹಸಿಮೆಣಸಿನಕಾಯಿ, ಚಿಕ್ಕದೊಂದು ಟೊಮೆಟೊ, ಒಂದು ಚಮಚ ಜೀರಿಗೆ-ಮೆಣಸಿನ ಪುಡಿ ಹಾಕಿ ಕುದಿಸಿ, ತುಪ್ಪದ ಒಗ್ಗರಣೆ ಕೊಟ್ಟು ಇಳಿಸಿದ ಮೇಲೆ, ಕುದಿ ಪೂರ್ತಿ ಅಡಗುವವರೆಗೆ ನಾಲ್ಕೈದು ನಿಮಿಷ ಕಾದು ಆಮೇಲೆ ರಸ ಹಿಂಡಬೇಕು. ಹಿಂಡಿದ ಮೇಲೆ ಅದನ್ನು ಮತ್ತೆ ಬಿಸಿಗಿಡುವಂತಿಲ್ಲ. ಆದ್ದರಿಂದ ಮಧ್ಯಾಹ್ನಕ್ಕೆ ಬೇಕಾದಷ್ಟನ್ನು ಬೇರೆ ಪಾತ್ರೆಗೆ ತೋಡಿಕೊಂಡು ಅದಕ್ಕಷ್ಟೇ ಹುಳಿ ಹಾಕುತ್ತೇನೆ, ರಾತ್ರಿಯ ಪಾಲು ಹುಳಿಯಿಲ್ಲದೆ ಹಾಗೆಯೇ ಇರುತ್ತದೆ. ಟೊಮೆಟೊ ಹಾಕುವುದು ಕುದಿಯುವಾಗ ಸಾರಿಗೆ ಒಂದು ತಳಹುಳಿ ಸಿಗಲೆಂದು. ಪೂರ್ತಿ ಭಾರವನ್ನು ನಿಂಬೆಯ ಮೇಲೆ ಹಾಕಿದರೆ ಸಾರು ಪಾನಕದಂತಾಗುತ್ತದೆ.

ಅತ್ತೆಯವರ ಅಪ್ಪೆಹುಳಿಗೆ ನಿಜವಾದ ಹಕ್ಕುದಾರ ಅಪ್ಪೆಮಿಡಿ ಮಾವು. ಅದು ಸಿಗದ ದಿನಗಳಲ್ಲಿ ಕಂಚಿಯೋ ನಿಂಬೆಯೋ ಅದರ ಜಾಗಕ್ಕೆ ಬರುತ್ತದೆ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಅರ್ಧ ಕಂಚಿಕಾಯಿಯ ರಸ, ಉಪ್ಪು, ಅಡಿಕೆ ಗಾತ್ರದ ಬೆಲ್ಲ, ಕಿವುಚಿದ ಎರಡು ಸೂಜಿಮೆಣಸು. ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಧಾರಾಳವಾದ ಇಂಗು. ಅಷ್ಟೇ. ಅನ್ನಕ್ಕೆ ಕಲಸಿಕೊಂಡು ಮಿಕ್ಕಿದ್ದನ್ನು ಲೋಟದಲ್ಲಿ ಕುಡಿಯುವ ಈ ತಿಳಿಯಾದ ಹುಳಿಯನ್ನು ಅವರು ಕಲ್ಲಿನ ಮರಿಗೆಯಲ್ಲಿ ಮಾಡಿಡುತ್ತಾರೆ. ಪಾತ್ರೆಯ ವಿಷಯದಲ್ಲಿ ನಾನೂ ಪಾಠ ಕಲಿತಿದ್ದೇನೆ: ಕಲಾಯಿ ಸವೆದಿದ್ದ ಹಿತ್ತಾಳೆ ಪಾತ್ರೆಯಲ್ಲಿ ಒಮ್ಮೆ ರಸ ತೆಗೆದಿಟ್ಟು, ಅರ್ಧ ಗಂಟೆಯೊಳಗೆ ಅದಕ್ಕೆ ಬಂದ ಲೋಹದ ಒಗರನ್ನು ಮೂಸಿ ನೋಡಿ ಮೋರಿಗೆ ಸುರಿದೆ. ಅಲ್ಯೂಮಿನಿಯಂ ಮತ್ತು ಕಬ್ಬಿಣ ಕೂಡ ಈ ಹುಳಿಗೆ ಸಲ್ಲುವುದಿಲ್ಲ. ಪಿಂಗಾಣಿ, ಗಾಜು, ಕಲ್ಲು, ಸ್ಟೀಲ್ ಆಗಬಹುದು.

ಹೆಸರುಗಳ ವಿಷಯದಲ್ಲಿ ಒಂದು ಮಾತು. ಮೈಸೂರು ಕಡೆ ಹೇರಳೆಕಾಯಿ ಎಂದು ಕೇಳಿ ಕೊಳ್ಳುವ ಕಾಯಿಯೂ ಮಲೆನಾಡಿನ ಕಂಚಿಕಾಯಿಯೂ ಒಂದೇ ಎಂದು ಕೆಲವರು, ಬೇರೆ ಎಂದು ಕೆಲವರು ವಾದಿಸುತ್ತಾರೆ. ಮಾದಲ, ಗಜನಿಂಬೆ ಎಂಬ ಹೆಸರುಗಳೂ ಊರಿಂದ ಊರಿಗೆ ಒಂದು ಕಾಯಿಯಿಂದ ಇನ್ನೊಂದಕ್ಕೆ ಜಾರುತ್ತಿರುತ್ತವೆ. ಅಡುಗೆ ಮಾಡುವವರು ಹೆಸರನ್ನು ನಂಬದೆ ಉಗುರಿನಿಂದ ಸಿಪ್ಪೆಯನ್ನು ಗೀರಿ ಮೂಸಿ ನೋಡುವುದೇ ಮೇಲು. ಅಂಗಡಿಯವರು ಬೈದರೆ ಬೈಸಿಕೊಳ್ಳಬೇಕು.

ಇಷ್ಟು ಹೊತ್ತು ಕುದಿಸಬೇಡಿ ಎಂದವಳು ಈಗ ಕುದಿಸಲೇಬೇಕಾದ ಅಡುಗೆಗೆ ಬರುತ್ತೇನೆ. ರಸದ ಅಡುಗೆಯಲ್ಲಿ ಕಹಿ ಕಳ್ಳನಂತೆ ನುಗ್ಗುತ್ತದೆ. ಸಿಪ್ಪೆಯ ಅಡುಗೆಯಲ್ಲಿ ಅದು ಕರೆದು ಕೂರಿಸಿದ ನೆಂಟ. ಹೇರಳೆಕಾಯಿ ಗೊಜ್ಜಿನ ಕೆಲಸವಿರುವುದೆಲ್ಲ ಆ ನೆಂಟ ಎಷ್ಟು ಮಾತಾಡಬೇಕೆಂದು ಗೊತ್ತುಮಾಡುವುದರಲ್ಲಿ. ಮಧ್ಯಮ ಗಾತ್ರದ ಒಂದು ಕಾಯಿಯನ್ನು ಮಾವಿನಹಣ್ಣಿನ ಕೆನ್ನೆ ಕೊಯ್ಯುವ ಹಾಗೆ ನಾಲ್ಕು ಕಡೆ ಕೊಯ್ದು ನಡುದಿಂಡನ್ನು ಬಿಡುತ್ತೇನೆ, ಏಕೆಂದರೆ ಬೀಜ ಮತ್ತು ಪೊರೆಗಳ ಜಂಗುಳಿ ಅಲ್ಲಿಯೇ ಇರುವುದು. ರಸವನ್ನು ಮೃದುವಾಗಿ ಹಿಂಡಿ ಬೇರೆಯಾಗಿಟ್ಟು, ಸಿಪ್ಪೆಯನ್ನು ಬಿಳಿ ಭಾಗದ ಸಮೇತ ಕಡಲೆಕಾಳಿನಷ್ಟು ಸಣ್ಣದಾಗಿ ಹೆಚ್ಚಿ, ಎರಡು ಚಮಚ ಉಪ್ಪು ಉಜ್ಜಿ ರಾತ್ರಿಯಿಡೀ ಮುಚ್ಚಿಡುತ್ತೇನೆ. ಬೆಳಗ್ಗೆ ಅದು ಬಿಟ್ಟ ನೀರನ್ನು ಚೆಲ್ಲಿ, ತೊಳೆದು, ಹೊಸ ನೀರಿನಲ್ಲಿ ಐದು ನಿಮಿಷ ಕುದಿಸಿ ಬಸಿದು, ಇನ್ನೊಮ್ಮೆ ಹಾಗೆಯೇ ಮಾಡುತ್ತೇನೆ. ಸಿಪ್ಪೆಯ ಕಹಿ ಬಿಸಿನೀರಿಗೆ ಬಿಡುತ್ತದೆ, ಆ ನೀರನ್ನು ಬೆರಳಲ್ಲಿ ಅದ್ದಿ ನೆಕ್ಕಿದರೆ ಎಷ್ಟು ಹೋಯಿತೆಂಬುದು ಗೊತ್ತಾಗುತ್ತದೆ. ಮೊದಲ ಸಲ ಭಯಬಿದ್ದು ನಾಲ್ಕು ಬಾರಿ ಕುದಿಸಿ ಬಸಿದಿದ್ದೆ. ಉಳಿದದ್ದು ಬೆಲ್ಲದಲ್ಲಿ ಬೆಂದ ಬೂದುಗುಂಬಳದ ಸಿಪ್ಪೆಯಂತಹ ಒಂದು ಪದಾರ್ಥ, ಅದಕ್ಕೆ ಹೇರಳೆಕಾಯಿಯನ್ನು ಹಾಳುಮಾಡುವ ಅಗತ್ಯವೇ ಇರಲಿಲ್ಲ. ಎರಡು ಸಲ ಸಾಕು.

ಮುಂದಿನದು ಪರಿಚಿತವಾದ ಗೊಜ್ಜಿನ ದಾರಿ. ಕಡಲೆಬೇಳೆ ಎರಡು ಚಮಚ, ಉದ್ದಿನಬೇಳೆ ಒಂದು, ಕಾಲು ಚಮಚ ಮೆಂತ್ಯ, ಎಂಟು ಬ್ಯಾಡಗಿ ಮೆಣಸಿನಕಾಯಿ, ಒಂದು ಚಮಚ ಎಳ್ಳು, ಸ್ವಲ್ಪ ಒಣಕೊಬ್ಬರಿ ಹುರಿದು ಪುಡಿ ಮಾಡಿಕೊಂಡು, ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವು ಸಿಡಿಸಿ, ಬಸಿದ ಸಿಪ್ಪೆಯನ್ನು ಬಾಡಿಸಿ, ನಿಂಬೆ ಗಾತ್ರದ ಹುಣಸೆಯ ರಸ ಮತ್ತು ನೂರು ಗ್ರಾಂ ಬೆಲ್ಲ ಹಾಕಿ, ಪುಡಿ ಸೇರಿಸಿ, ಎಣ್ಣೆ ಅಂಚಿನಲ್ಲಿ ಬಿಡುವವರೆಗೆ ಕುದಿಸಬೇಕು. ಹುಣಸೆ ಕುದಿಯನ್ನು ತಾಳಿಕೊಳ್ಳುತ್ತದೆ, ಆದ್ದರಿಂದ ಬೇಯುವ ಹುಳಿ ಅದರದ್ದು. ಎತ್ತಿಟ್ಟ ಹೇರಳೆ ರಸವನ್ನು ಗೊಜ್ಜು ಉಗುರುಬೆಚ್ಚಗಾದ ಮೇಲೆ ಎರಡು ಚಮಚ ಬೆರೆಸುತ್ತೇನೆ, ಬೆಂದ ಸಿಪ್ಪೆಗೆ ಕಾಯಿಯ ಪರಿಮಳ ಆಗ ಮರಳುತ್ತದೆ. ಮಾಡಿದ ದಿನ ಬಡಿಸಬಾರದು. ಮೂರನೆಯ ದಿನ ಬೆಲ್ಲ ಸಿಪ್ಪೆಯೊಳಕ್ಕೆ ಇಳಿದು, ಮೊಸರನ್ನದ ಜೊತೆ ಬಾಯಿಗಿಟ್ಟರೆ ಮೊದಲು ಸಿಹಿ, ಹಿಂದೆಯೇ ಹುಳಿ, ಖಾರ, ನುಂಗಿದ ಮೇಲೆ ನಾಲಿಗೆಯ ಹಿಂಬದಿಯಲ್ಲಿ ಸಣ್ಣಗೆ ಕಹಿ ಬರುತ್ತದೆ. ಬೇಸಿಗೆಯಲ್ಲಿ ಊಟ ಸೇರದೆ ಕುಳಿತ ನಮ್ಮ ಮಾವನವರು ಇದಕ್ಕೊಂದಕ್ಕೆ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದರು.

ಕಿತ್ತಳೆ ಸಿಪ್ಪೆಯ ಗೊಜ್ಜು ಇದರ ಸುಲಭದ ತಂಗಿ. ಫೆಬ್ರುವರಿ, ಮಾರ್ಚ್‌ಗಳಲ್ಲಿ ನಾಗಪುರದ ಕಿತ್ತಳೆ ಬರುವಾಗ ಮೂರು ಹಣ್ಣಿನ ಸಿಪ್ಪೆಯನ್ನು ಎತ್ತಿಟ್ಟು, ಹೊಳಪಿಗೆ ಸವರಿದ ಮೇಣವಿದ್ದರೆ ಹೋಗಲೆಂದು ಉಪ್ಪು ಬೆರೆಸಿದ ಬಿಸಿನೀರಿನಲ್ಲಿ ಉಜ್ಜಿ ತೊಳೆದು, ಒಳಗಿನ ಬಿಳಿ ನಾರನ್ನು ಚಮಚದಿಂದ ಕೆರೆದು, ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿಯೇ ಬಣ್ಣ ತಿರುಗುವವರೆಗೆ ಹುರಿಯುತ್ತೇನೆ. ಕುದಿಸಿ ಬಸಿಯುವ ಅಗತ್ಯವಿಲ್ಲ. ಕೊಡಗಿನ ಕಿತ್ತಳೆಯ ಸಡಿಲವಾದ ಸಿಪ್ಪೆ ಇದಕ್ಕೆ ಇನ್ನೂ ಚೆನ್ನ. ಇಂತಹ ಊರಿನದೇ ಬೆಳೆಯೆಂದು ಗುರುತಿಸುವ ಭೌಗೋಳಿಕ ಸೂಚ್ಯಂಕದ (ಜಿಐ) ಗೌರವ ಪಡೆದಿರುವ ಆ ಹಣ್ಣು, ರೋಗಗಳಿಂದ ತೋಟಗಳು ಕ್ಷೀಣಿಸಿರುವುದರಿಂದ, ನಮ್ಮ ಕೈಗೆ ಸಿಗುವುದು ಅಪರೂಪ. ಅದೇ ಗೌರವವಿರುವ ದೇವನಹಳ್ಳಿ ಚಕ್ಕೋತ ಸಿಕ್ಕ ದಿನ ನಾನು ಒಲೆಯನ್ನೇ ಹಚ್ಚದೆ ತೊಳೆಗಳ ಪೊರೆ ಸುಲಿದು, ನೆನೆದ ಹೆಸರುಬೇಳೆ, ಹಸಿಮೆಣಸು, ಕಾಯಿತುರಿಯೊಡನೆ ಕೋಸಂಬರಿ ಮಾಡುತ್ತೇನೆ. ಉಪ್ಪನ್ನು ಎಲೆ ಹಾಕಿದ ಮೇಲೆ ಬೆರೆಸಬೇಕು, ಇಲ್ಲವಾದರೆ ತೊಳೆಗಳು ನೀರೊಡೆದು ಬೇಳೆ ತೇಲುತ್ತದೆ.

ಬೇಸಿಗೆಯ ಅಡುಗೆಯ ದೊಡ್ಡ ಕಷ್ಟವೆಂದರೆ ನಿಂಬೆ ಹೆಚ್ಚು ಬೇಕಾದ ತಿಂಗಳಲ್ಲಿಯೇ ಅದರ ಬೆಲೆ ಏರುವುದು. 2022ರ ಏಪ್ರಿಲ್‌ನಲ್ಲಿ ಒಂದು ಹಣ್ಣಿಗೆ ಹತ್ತು ರೂಪಾಯಿ ಕೊಟ್ಟದ್ದು ಎಲ್ಲರಿಗೂ ನೆನಪಿರಬೇಕು. ಅಂದಿನಿಂದ ವಿಜಯಪುರದ ಇಂಡಿ ಕಡೆಯ ತೆಳುಸಿಪ್ಪೆಯ ಹಣ್ಣು ಸಿಕ್ಕಿದಾಗ ಆರಿಸಿ ತಂದು, ಒರೆಸಿ, ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡುತ್ತೇನೆ. ಹಿಂಡುವ ಮುನ್ನ ಹತ್ತು ನಿಮಿಷ ಬೆಚ್ಚನೆಯ ನೀರಿನಲ್ಲಿಟ್ಟು ಕಟ್ಟೆಯ ಮೇಲೆ ಅಂಗೈಯಲ್ಲಿ ಒತ್ತಿ ಉರುಳಿಸಿದರೆ ರಸ ಹೆಚ್ಚು ಬರುತ್ತದೆ. ದುಬಾರಿಯಾಯಿತೆಂದು ಕೊನೆಯ ಹನಿಯವರೆಗೆ ಹಿಂಡುವುದು ಮಾತ್ರ ಲೆಕ್ಕ ತಪ್ಪಿದ ಉಳಿತಾಯ, ಏಕೆಂದರೆ ಆ ಕೊನೆಯ ಹನಿಯೊಡನೆ ಪೊರೆಯ ಕಹಿಯೂ ಇಳಿಯುತ್ತದೆ. ಹಿಂಡಿದ ಹೋಳುಗಳನ್ನು ನಾನು ಉಪ್ಪು ಹಾಕಿದ ಜಾಡಿಗೆ ಸೇರಿಸುತ್ತಾ ಹೋಗುತ್ತೇನೆ, ಜಾಡಿ ತುಂಬಿದಾಗ ಅದೇ ಉಪ್ಪಿನಕಾಯಿ.

ಹಣ್ಣೇ ಇಲ್ಲದ ದಿನಕ್ಕೆ ಎಲೆ ಇದೆ. ಬೀಜ ಹಾಕಿ ಬೆಳೆಸಿದ ನನ್ನ ಕುಂಡದ ನಿಂಬೆಗಿಡ ನಾಲ್ಕು ವರ್ಷವಾದರೂ ಒಂದು ಹೂವನ್ನೂ ಬಿಟ್ಟಿಲ್ಲ, ಆದರೆ ಎಲೆಗೆ ಕೊರತೆಯಿಲ್ಲ. ನೀರುಮಜ್ಜಿಗೆಗೆ ಉಪ್ಪು, ಜಜ್ಜಿದ ಶುಂಠಿ, ಹಸಿಮೆಣಸು ಹಾಕಿ, ಎರಡು ಎಲೆಗಳ ನಡುದಂಟನ್ನು ಕಿತ್ತು, ಅಂಗೈಯಲ್ಲಿ ಕಿವುಚಿ ತೇಲಿಬಿಡುತ್ತೇನೆ. ಕಾಲು ಗಂಟೆಯಲ್ಲಿ ಮಜ್ಜಿಗೆಯೆಲ್ಲ ಘಮಘಮಿಸುತ್ತದೆ, ಆಗ ಎಲೆಯನ್ನು ತೆಗೆದುಬಿಡಬೇಕು. ಮರೆತರೆ ಅದೂ ಕಹಿ ಬಿಡುತ್ತದೆ.