ಆಷಾಢದಲ್ಲಿ ನೀರಿರುವ ದಡ

ತುಮಕೂರಿನಲ್ಲಿ ಮನೆ ಮಾಡಿಕೊಂಡು ಹಾಯಿದೋಣಿ ಇಟ್ಟುಕೊಂಡಿದ್ದೇನೆ ಎಂದರೆ ಕೇಳಿದವರೆಲ್ಲ ‘ನೀರೆಲ್ಲಿದೆ?’ ಎನ್ನುತ್ತಾರೆ. ನೀರು ಇದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಸೇರಿದರೆ ಕೆರೆಗಳು ಸಾವಿರಗಟ್ಟಲೆ. ತೊಡಕು ಇರುವುದು ತಿಂಗಳುಗಳಲ್ಲಿ. ಹಾಯಿ ತುಂಬುವ ಪಡುವಣ ಗಾಳಿ ಬೀಸುವುದು ಜೂನ್ ನಡುವಿನಿಂದ ಆಗಸ್ಟ್‌ವರೆಗೆ. ನಮ್ಮ ಕಡೆ ಕೆರೆಗೆ ನೀರು ತರುವ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಕೆರೆ ಕೋಡಿ ಬಿದ್ದು ಊರವರು ಬಾಗಿನ ಅರ್ಪಿಸುವ ಹೊತ್ತಿಗೆ ಆಷಾಢದ ಗಾಳಿ ಮುಗಿದುಹೋಗಿರುತ್ತದೆ. ಹಾಗಾಗಿ ದೋಣಿಗೆ ಜಾಗ ಹುಡುಕುವಾಗ ನಾನು ಎಲ್ಲಕ್ಕಿಂತ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ಹೋದ ವರ್ಷದ ನೀರು ಈ ವರ್ಷದ ಆಷಾಢದವರೆಗೆ ಎಲ್ಲಿ ಉಳಿಯುತ್ತದೆ?

ನನ್ನದು ಹಳೆಯ ಲೇಸರ್ ದೋಣಿ, ಒಬ್ಬರೇ ನಡೆಸುವ ಸಣ್ಣ ಹಾಯಿದೋಣಿಯ ಒಂದು ಮಾದರಿ. ಉದ್ದ 4.2 ಮೀಟರ್, ಒಡಲಿನ ತೂಕ 59 ಕಿಲೋ, ಒಂದೇ ಹಾಯಿ, ಅದರ ವಿಸ್ತಾರ ಸುಮಾರು ಏಳು ಚದರ ಮೀಟರ್. ಅಲ್ಯೂಮಿನಿಯಂ ಹಾಯಿಕಂಬ ಎರಡು ತುಂಡಾಗಿ ಬಿಚ್ಚಿಕೊಳ್ಳುತ್ತದೆ. ಇಬ್ಬರು ಎತ್ತಬಹುದು, ಕಾರಿನ ಮೇಲೆ ಕಟ್ಟಿಕೊಂಡೂ ಹೋಗಬಹುದು. ದೋಣಿ ಪಕ್ಕಕ್ಕೆ ಜಾರದಂತೆ ಕೆಳಗೆ ಇಳಿಬಿಡುವ ಹಲಗೆಗೆ ಮೂರಡಿ ನೀರಾದರೂ ಬೇಕು. ಚುಕ್ಕಾಣಿ ಹಿಡಿಯುವುದನ್ನು ನಾನು ಕಲಿತದ್ದು ಚೆನ್ನೈನಲ್ಲಿ. ಅಲ್ಲಿ 1911ರಷ್ಟು ಹಿಂದೆಯೇ ಶುರುವಾದ ರಾಯಲ್ ಮದ್ರಾಸ್ ಯಾಚ್ ಕ್ಲಬ್ ಇದೆ, ಸಮುದ್ರವಿದೆ, ಮಧ್ಯಾಹ್ನವಾದರೆ ಕಡಲಗಾಳಿಯೂ ಇದೆ. ಆದರೆ ಶನಿವಾರ ಹೊರಟು ಭಾನುವಾರ ಹಿಂತಿರುಗುವವನಿಗೆ ಅಷ್ಟು ದೂರದ ದೋಣಿ ಇದ್ದೂ ಇಲ್ಲದಂತೆ. ವಾರಾಂತ್ಯದ ಹಾಯಿಗಾರನಿಗೆ ಒಂದೂವರೆ ಗಂಟೆಗಿಂತ ದೂರದ ನೀರು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಯಿ ಕಟ್ಟಲು, ಬಿಚ್ಚಲು, ತೊಳೆಯಲು ಹಿಡಿಯುವ ಸಮಯವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಈ ಲೆಕ್ಕದಲ್ಲೇ ವಾಣಿವಿಲಾಸ ಸಾಗರವನ್ನು ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟೆ. ಹಿರಿಯೂರಿನ ಆಚೆಯ ಆ ಮಾರಿಕಣಿವೆ, ಬೆಟ್ಟಗಳ ನಡುವಿನ ಇಕ್ಕಟ್ಟಿಗೆ 1907ರ ಹೊತ್ತಿಗೆ ಕಟ್ಟಿ ಮುಗಿಸಿದ ಅಣೆಕಟ್ಟೆ. ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ತಿರುಗುವುದನ್ನು ನೋಡಿದರೆ ಅಲ್ಲಿನ ಗಾಳಿಯ ಬಗ್ಗೆ ಬೇರೆ ಸಾಕ್ಷಿ ಬೇಡ. 1933ರ ನಂತರ ಮೊದಲ ಸಲ 2022ರಲ್ಲಿ ಅದು ಕೋಡಿ ಬಿದ್ದಾಗ ನಾಡಿಗೆ ನಾಡೇ ನೋಡಲು ಹೋಯಿತು. ರಜೆ ಕೂಡಿಬಂದಾಗ ದೋಣಿ ಹೊತ್ತುಕೊಂಡು ಹೋಗಲು ಅದಕ್ಕಿಂತ ಒಳ್ಳೆಯ ನೀರು ಇಲ್ಲ. ವಾರವಾರಕ್ಕೆ ಆಗುವುದಿಲ್ಲ, ಅಷ್ಟೇ.

ಊರಿನ ಒಳಗಿನ ಅಮಾನಿಕೆರೆ ಮನೆಗೆ ಹತ್ತಿರ. ಆದರೆ ಸುತ್ತ ಕಟ್ಟಡಗಳು. ಗಾಳಿ ಒಂದು ಗೋಡೆಗೆ ಬಡಿದು ಇನ್ನೊಂದು ಕಡೆಯಿಂದ ತಿರುಗಿ ಬರುತ್ತದೆ, ಹಾಯಿ ಒಂದೇ ನಿಮಿಷದಲ್ಲಿ ಎರಡು ದಿಕ್ಕಿಗೆ ಹೊರಳುತ್ತದೆ. ಬುಗುಡನಹಳ್ಳಿ ಕೆರೆಯ ನೀರು ನಗರದ ನಲ್ಲಿಗಳಿಗೆ ಬರುವಂಥದ್ದು. ಕುಡಿಯುವ ನೀರಿನಲ್ಲಿ ದೋಣಿ ಇಳಿಸುವ ಮಾತನ್ನು ನಾನು ಎತ್ತಲಿಲ್ಲ, ಯಾರೂ ಎತ್ತಬಾರದು. ಚಿಕ್ಕಬಳ್ಳಾಪುರದ ಜಕ್ಕಲಮಡುಗು ಜಲಾಶಯಕ್ಕೂ ಇದೇ ಮಾತು. ಹುಳಿಯಾರಿನ ಬಳಿಯ ಬೋರನಕಣಿವೆ ಚೆಂದದ ಜಾಗವೇನೋ ಹೌದು, ಆದರೆ ತುಂಬಲು ವರ್ಷಗಟ್ಟಲೆ ಕಾಯಿಸುತ್ತದೆ.

ಕೋಲಾರದ ಕೆರೆಗಳು ದೂರವೇ ಆದರೂ ಅವುಗಳ ವಿಷಯದಲ್ಲಿ ಮಾತ್ರ ನಾನು ಬಹಳ ಯೋಚಿಸಿದೆ. 2018ರಿಂದ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಯಿಂದ ಹಿಡಿದು ಕೆರೆಯಿಂದ ಕೆರೆಗೆ ಹರಿಯುತ್ತಿದೆ. ಹತ್ತಾರು ವರ್ಷ ಒಣಗಿ ಜಾಲಿ ಬೆಳೆದಿದ್ದ ಅಂಗಳಗಳಲ್ಲಿ ಜೂನ್‌ನಲ್ಲೂ ನೀರು ನಿಂತಿರುತ್ತದೆ. ನನ್ನ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಇನ್ನೆಲ್ಲಿ ಸಿಕ್ಕೀತು? ಆದರೂ ಬೇಡವೆಂದೆ. ಆ ನೀರನ್ನು ತಂದಿರುವುದು ಅಂತರ್ಜಲ ಮರುಪೂರಣಕ್ಕೆ. ಎರಡು ಹಂತದ ಸಂಸ್ಕರಣೆ ಮಾತ್ರ ಆಗಿರುವ ನೀರು ಅದು. ಲೇಸರ್‌ನಂಥ ದೋಣಿ ಮಗುಚುವುದು ದಿನನಿತ್ಯದ ಸಂಗತಿ. ಮಗುಚಿದಾಗ ನೀರು ಬಾಯಿಗೆ, ಮೂಗಿಗೆ, ಕಣ್ಣಿಗೆ ಹೋಗಿಯೇ ಹೋಗುತ್ತದೆ. ಕೊಳವೆಬಾವಿಗಳಿಗೆ ಜೀವ ಬಂದಿದ್ದರೆ ಕೋಲಾರದ ರೈತರ ಜೊತೆ ನಾನೂ ಸಂತೋಷಪಡುತ್ತೇನೆ, ಆದರೆ ಅದರಲ್ಲಿ ಮುಳುಗೇಳಲಾರೆ.

ಕೊನೆಗೆ ಉಳಿದದ್ದು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ. ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ಶಿಂಷಾ ನದಿಗೆ ಕಟ್ಟಿದ ಜಲಾಶಯ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಹೊಳೆ ನಮ್ಮ ಜಿಲ್ಲೆಯಲ್ಲೇ ಹೀಗೆ ಹರಡಿಕೊಂಡು ನಿಂತಿರುವುದನ್ನು ನೋಡಿದಾಗ ನನಗೆ ಹೆಮ್ಮೆಯಾಗುತ್ತದೆ. ಅಲ್ಲಿ ನೀರು ತುಂಬಿದಾಗ ತಾನಾಗಿಯೇ ಎಳೆದು ಹೊರಹಾಕುವ ಸೈಫನ್‌ಗಳಿವೆ. ಯಾರೂ ಬಂದು ಬಾಗಿಲು ಎತ್ತಬೇಕಿಲ್ಲ. ಮಟ್ಟ ಮುಟ್ಟಿತೋ, ಸೈಫನ್ ಹಿಡಿಯಿತು. ನೋಡಲು ಅದ್ಭುತ, ದೋಣಿಯವನಿಗೂ ಕೆಳಗಿನ ಹೊಳೆಪಾತ್ರದಲ್ಲಿ ನಿಂತವರಿಗೂ ಅಪಾಯ. ಆದ್ದರಿಂದ ಏರಿ ಮತ್ತು ಸೈಫನ್ ಕಡೆಗೆ ನಾನು ಸುಳಿಯುವುದೇ ಇಲ್ಲ. ನನ್ನದೇನಿದ್ದರೂ ಮೇಲಿನ ಹಿನ್ನೀರು.

ಜಲಾಶಯ ಇದೇ ಎಂದು ತೀರ್ಮಾನವಾದ ಮೇಲೆ ಯಾವ ದಡ ಎಂಬ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಮೇ ತಿಂಗಳಿಗಿಂತ ಒಳ್ಳೆಯ ಕಾಲವಿಲ್ಲ. ನೀರು ಇಳಿದಾಗ ತಳ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಚಪ್ಪಲಿ ಬಿಟ್ಟು ಶೂ ಹಾಕಿಕೊಂಡು ಒಣಗಿದ ಅಂಗಳದಲ್ಲಿ ನಡೆದೆ. ಕಡಿದುಬಿಟ್ಟ ಬಳ್ಳಾರಿ ಜಾಲಿಯ ಬುಡಗಳು, ಗೋಡುಮಣ್ಣು ತೆಗೆದ ಗುಂಡಿಗಳು, ಕುಸಿದ ಹಳೆಯ ಬಾವಿಯ ಕಲ್ಲುಕಟ್ಟು, ಬೇಸಿಗೆಯಲ್ಲಿ ಸೌತೆ ಹಾಕಿದವರು ಬಿಟ್ಟುಹೋದ ತಂತಿಬೇಲಿ, ಒಂದೊಂದನ್ನೂ ಮೊಬೈಲಿನ ನಕ್ಷೆಯಲ್ಲಿ ಗುರುತು ಹಾಕಿಕೊಂಡೆ. ನೀರು ತುಂಬಿದ ಮೇಲೆ ಇವೆಲ್ಲ ಎರಡಡಿ ಕೆಳಗೆ ಅಡಗಿರುತ್ತವೆ. ಜಾಲಿಯ ಒಂದು ಬುಡ ಸಾಕು, ಇಳಿಬಿಟ್ಟ ಹಲಗೆ ಸೀಳಲು. ತಳ ಎಷ್ಟು ಇಳಿಜಾರಾಗಿದೆ ಎಂಬುದೂ ಆಗಲೇ ಗೊತ್ತಾಗುವುದು. ಚಪ್ಪಟೆ ತಳದ ಕಡೆ ನೀರು ಒಂದಡಿ ಇಳಿದರೆ ದಡ ನೂರು ಹೆಜ್ಜೆ ಹಿಂದೆ ಸರಿಯುತ್ತದೆ, ನಡುವೆ ಮೊಣಕಾಲುದ್ದದ ಕೆಸರು. ಕಡಿದಾದ ಕಡೆ ಹತ್ತು ಹೆಜ್ಜೆ, ಅದೂ ಗರಸು ನೆಲ.

ಗಾಳಿಯ ಲೆಕ್ಕಕ್ಕೆ ಬಂದರೆ, ಮುಂಗಾರಿನ ಗಾಳಿ ಪಡುವಣದಿಂದ ಬರುವುದರಿಂದ ಮೂಡಣ ದಡಕ್ಕೆ ಅಲೆ ಬಡಿಯುತ್ತದೆ. ಅಲ್ಲಿ ಏರಿಯ ಕಲ್ಲುಕಟ್ಟಡವಿದ್ದರೆ ದೋಣಿಯ ಗತಿ ಮುಗಿದ ಹಾಗೆ. ಇಳಿಸುವಾಗಲೂ ಪೆಟ್ಟು, ಹತ್ತಿಸುವಾಗಲೂ ಪೆಟ್ಟು. ನಾನು ಆಯ್ದುಕೊಂಡದ್ದು ಪಡುವಣ ದಡ. ಬೆನ್ನ ಹಿಂದೆ ತೆಂಗಿನ ತೋಟ ಗಾಳಿಯನ್ನು ತಡೆಯುತ್ತದೆ, ದಡದ ಪಕ್ಕದ ನೀರು ಅಲೆಯಿಲ್ಲದೆ ಶಾಂತವಾಗಿರುತ್ತದೆ, ನಿಧಾನವಾಗಿ ಹಾಯಿ ಏರಿಸಬಹುದು. ಮರಗಳ ಎತ್ತರದ ಹತ್ತರಷ್ಟು ದೂರ ಹೋದ ಮೇಲೆ ಗಾಳಿ ಒಂದೇ ಸಮನೆ ಸಿಗಲು ಶುರುವಾಗುತ್ತದೆ. ಇದರಲ್ಲಿ ಒಂದು ಎಚ್ಚರಿಕೆಯಿದೆ. ಏನಾದರೂ ಮುರಿದರೆ ಗಾಳಿ ನಿಮ್ಮನ್ನು ಇಟ್ಟ ಜಾಗದಿಂದ ದೂರಕ್ಕೆ, ಎದುರು ದಡಕ್ಕೆ ಒಯ್ಯುತ್ತದೆ. ಸಮುದ್ರದಲ್ಲಾದರೆ ಇದೇ ಕಾರಣಕ್ಕೆ ಇಂಥ ದಡ ಬೇಡವೆನ್ನುತ್ತಾರೆ. ಹಿನ್ನೀರಿನಲ್ಲಿ ಎದುರು ದಡ ಕಣ್ಣಿಗೆ ಕಾಣುವಷ್ಟು ಹತ್ತಿರ. ಹಾಗಾಗಿ ಅದನ್ನೂ ಹೋಗಿ ನೋಡಿ ಬಂದೆ: ಮಣ್ಣಿನ ಇಳಿಜಾರು, ರಾಗಿ ಹೊಲ, ನಡೆದು ಬರಲು ಬಂಡಿದಾರಿ. ಅಷ್ಟು ಸಾಕು.

ಅನುಮತಿಯ ಕೆಲಸ ನೀರಿನ ಒಡೆತನದ ಮೇಲೆ ನಿಂತಿದೆ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕವು ಪಂಚಾಯಿತಿ ವ್ಯವಸ್ಥೆಗೆ ಸೇರುತ್ತವೆ. ಜಲಾಶಯವಾದರೆ ಅದನ್ನು ನೋಡಿಕೊಳ್ಳುವ ಎಂಜಿನಿಯರರ ಕಚೇರಿ. ಬರೆದ ಅರ್ಜಿ ಕೊಡಿ, ಯಂತ್ರವಿಲ್ಲದ ದೋಣಿ ಎಂದು ಸ್ಪಷ್ಟವಾಗಿ ಬರೆಯಿರಿ, ಜೀವರಕ್ಷಕ ಅಂಗಿ ಹಾಕಿಕೊಂಡ ಫೋಟೊ ಸೇರಿಸಿ, ಉತ್ತರವನ್ನು ಕಾಗದದಲ್ಲೇ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಅಧಿಕಾರಿಯ ವರ್ಗಾವಣೆಯ ಜೊತೆ ಹೊರಟುಹೋಗುತ್ತದೆ.

ಆದರೆ ಆ ಕಾಗದಕ್ಕಿಂತ ದೊಡ್ಡ ಅನುಮತಿ ಮೀನುಗಾರರದು. ಮೀನಿನ ಹಕ್ಕನ್ನು ಗುತ್ತಿಗೆ ಹಿಡಿದವರು ಹಣ ಕಟ್ಟಿ ಮರಿ ಬಿಟ್ಟಿರುತ್ತಾರೆ. ಆ ನೀರು ಅವರ ಹೊಲ. ಸಂಜೆ ಹಾಕಿದ ಬಲೆಯನ್ನು ಅವರು ಬೆಳಿಗ್ಗೆ ಎತ್ತುತ್ತಾರೆ. ಬಲೆಯ ಗುರುತಿಗೆ ತೇಲುವ ಬಾಟಲಿ ಕಟ್ಟಿರುತ್ತಾರೆ. ಬಲೆಯ ಮೇಲೆ ಹಾದರೆ ನನ್ನ ಚುಕ್ಕಾಣಿ ಸಿಕ್ಕಿಕೊಳ್ಳುತ್ತದೆ, ಅವರ ಬಲೆ ಹರಿಯುತ್ತದೆ, ಅವರ ಒಂದು ದಿನದ ಅನ್ನ ಹೋಗುತ್ತದೆ. ಒಂದು ಬೆಳಿಗ್ಗೆ ತೆಪ್ಪಗಳು ದಡಕ್ಕೆ ಬರುವ ಹೊತ್ತಿಗೆ ಹೋಗಿ ಅವರಲ್ಲಿ ಹಿರಿಯರ ಪಕ್ಕ ಕುಳಿತೆ. ಅವರು ಕೈಯಲ್ಲಿದ್ದ ಬಲೆಯಿಂದ ಕಣ್ಣು ತೆಗೆಯದೆ, “ಬಾಟಲಿ ತೇಲುತ್ತಿರುವ ಕಡೆ ಬರಬೇಡಿ ಸ್ವಾಮಿ. ಹತ್ತು ಗಂಟೆಯ ಮೇಲೆ ಎಲ್ಲ ಎತ್ತಿರುತ್ತೇವೆ, ಆಮೇಲೆ ಎಲ್ಲಿ ಬೇಕಾದರೂ ಓಡಾಡಿಕೊಳ್ಳಿ” ಎಂದರು. ಗಾಳಿ ಬಲಗೊಳ್ಳುವುದೂ ಹತ್ತು ಗಂಟೆಯ ನಂತರವೇ. ಆವತ್ತಿನಿಂದ ನನ್ನ ವೇಳಾಪಟ್ಟಿ ಅದೇ.

ದೋಣಿ ಇರುವುದು ದಡಕ್ಕೆ ಹೊಂದಿದ ತೋಟದ ಕೊಟ್ಟಿಗೆಯ ಪಕ್ಕದ ತಗಡಿನ ಚಪ್ಪರದಲ್ಲಿ. ತೋಟದ ಯಜಮಾನರು ಬಾಡಿಗೆ ಬೇಡವೆಂದರು, ನಾನು ಒಪ್ಪಲಿಲ್ಲ. ತಿಂಗಳಿಗೆ ಇಷ್ಟೆಂದು ಮಾತಾಗಿದ್ದರೆ ಇಬ್ಬರಿಗೂ ನೆಮ್ಮದಿ. ತೆಂಗಿನ ಮರದ ಕೆಳಗೆ ಮಾತ್ರ ದೋಣಿ ಇಡಬೇಡಿ. ಒಂದು ಗರಿ ಬಿದ್ದರೂ ಫೈಬರ್ ಬಿರಿಯುತ್ತದೆ, ಕಾಯಿಯ ಮಾತು ಬೇಡ. ಕೆಂಪು ಮಣ್ಣಿನ ಮೇಲೆ ಮರದ ದಿಮ್ಮಿ ಹಾಕಿ ಇಟ್ಟರೆ ಗೆದ್ದಲು ಹತ್ತಿ ಮರದ ಚುಕ್ಕಾಣಿಯವರೆಗೆ ಏರುತ್ತದೆ. ಬೇಲಿಗೆ ನೆಡುವ ಕಲ್ಲುಕಂಬ ಎರಡನ್ನು ಅಡ್ಡಲಾಗಿ ಮಲಗಿಸಿ, ಅವುಗಳ ಮೇಲೆ ಹಳೆಯ ಟೈರು ಹಾಕಿ, ದೋಣಿಯನ್ನು ಬೋರಲು ಇಟ್ಟಿದ್ದೇನೆ. ಒಳಗೆ ನಿಂತ ತೇವ ಆರಲೆಂದು ಬಿರಡೆ ತೆಗೆದಿಡುತ್ತೇನೆ. ಹಾಯಿ ಮತ್ತು ಹಗ್ಗಗಳು ನನ್ನ ಜೊತೆ ಮನೆಗೆ ಬರುತ್ತವೆ, ಏಕೆಂದರೆ ಇಲಿಗೆ ಹಾಯಿಚೀಲದಷ್ಟು ಇಷ್ಟವಾದ ಗೂಡು ಇನ್ನೊಂದಿಲ್ಲ.

ಇನ್ನು ವಿದ್ಯುತ್ ತಂತಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ನಮ್ಮ ತೋಟಗಳಲ್ಲಿ ಪಂಪ್‌ಸೆಟ್‌ಗೆ ಎಳೆದ ತಂತಿಗಳು ಎರಡು ಕಂಬಗಳ ನಡುವೆ ಜೋತುಬಿದ್ದಿರುತ್ತವೆ. ಎದ್ದು ನಿಂತ ಹಾಯಿಕಂಬ ಇಪ್ಪತ್ತು ಅಡಿ ಎತ್ತರದ ಅಲ್ಯೂಮಿನಿಯಂ. ಚಪ್ಪರದಿಂದ ನೀರಿನವರೆಗಿನ ದಾರಿಯನ್ನು ತಲೆ ಎತ್ತಿಕೊಂಡೇ ನಡೆದು ನೋಡಿದೆ. ಮಧ್ಯದಲ್ಲಿ ಒಂದು ಕಡೆ ತಂತಿ ದಾಟುತ್ತದೆ. ಹಾಗಾಗಿ ಕಂಬ ಎರಡು ತುಂಡಾಗಿಯೇ ಹೆಗಲ ಮೇಲೆ ದಡದವರೆಗೆ ಬರುತ್ತದೆ, ಕಾಲಿಗೆ ನೀರು ತಾಗಿದ ಮೇಲೆಯೇ ಎದ್ದು ನಿಲ್ಲುತ್ತದೆ. ಹಿಂತಿರುಗುವಾಗಲೂ ನೀರಿನಲ್ಲೇ ಬಿಚ್ಚುತ್ತೇನೆ, ಎಷ್ಟೇ ದಣಿವಾಗಿದ್ದರೂ. ನೀರಿನ ಮೇಲೆಯೇ ತಂತಿ ಹಾದಿರುವ ಕೆರೆಗಳೂ ಇವೆ. ಅಂಥ ಕೆರೆಯನ್ನು, ಉಳಿದದ್ದೆಲ್ಲ ಚೆನ್ನಾಗಿದ್ದರೂ, ಪಟ್ಟಿಯಿಂದ ತೆಗೆದುಹಾಕಿ.

ಪಡುವಣ ದಡಕ್ಕೂ ಒಂದು ಕಷ್ಟದ ಕಾಲವಿದೆ. ನವೆಂಬರ್ ಹೊತ್ತಿಗೆ ಗಾಳಿ ಮೂಡಣಕ್ಕೆ ತಿರುಗುತ್ತದೆ. ಮುಂಗಾರಿನುದ್ದಕ್ಕೂ ಆಚೆ ದಡಕ್ಕೆ ಒತ್ತರಿಸಿಕೊಂಡಿದ್ದ ಅಂತರಗಂಗೆ ಆಗ ತೇಲಿಕೊಂಡು ಈಚೆಗೆ ಬಂದು ನಾನು ದೋಣಿ ಇಳಿಸುವ ಜಾಗವನ್ನೇ ಮುಚ್ಚುತ್ತದೆ. ಬೇರು ಹೆಣೆದುಕೊಂಡ ಆ ಹಸಿರು ಚಾಪೆಯಲ್ಲಿ ದೋಣಿ ಒಂದು ಗೇಣೂ ಕದಲದು. ಅದಕ್ಕೆ ತೋಟದ ತೆಂಕಣ ಮೂಲೆಯಲ್ಲಿ, ಬಂಡೆಯೊಂದು ನೀರಿಗೆ ಚಾಚಿ ಅಂತರಗಂಗೆಯನ್ನು ತಡೆಯುವಲ್ಲಿ, ಎರಡನೆಯ ಇಳಿದಾಣ ಮಾಡಿಕೊಂಡಿದ್ದೇನೆ. ಚಳಿಗಾಲದಲ್ಲಿ ದೋಣಿಯನ್ನು ಅಲ್ಲಿಯವರೆಗೆ ಗಾಲಿಯ ಮೇಲೆ ಎಳೆದೊಯ್ಯಬೇಕು, ದಾರಿ ಸ್ವಲ್ಪ ಉದ್ದ. ಆ ತಿಂಗಳುಗಳಲ್ಲಿ ಗಾಳಿ ಮೆದು, ನೀರು ಅಂಚಿನವರೆಗೆ. ಹೊಸದಾಗಿ ಕಲಿಯುವವರನ್ನು ನಾನು ಕರೆದುಕೊಂಡು ಹೋಗುವುದು ಆಗಲೇ.