ಆರ್ಟ್ ಗ್ಯಾಲರಿಗೆ ಮೊದಲ ಸಲ ಹೋಗ್ತಿದೀರಾ? ಪ್ಯಾಲೇಸ್ ರೋಡಿಂದ ಶುರು ಮಾಡಿ

ಬೆಂಗಳೂರಲ್ಲಿ ಹತ್ತಿಪ್ಪತ್ತು ವರ್ಷದಿಂದ ಇದ್ದು, ಪ್ಯಾಲೇಸ್ ರೋಡಲ್ಲೇ ದಿನಾ ಓಡಾಡ್ತಾ, ಮಾಣಿಕ್ಯವೇಲು ಮ್ಯಾನ್ಷನ್ ಗೇಟೊಳಗೆ ಒಂದು ಸಲಾನೂ ಕಾಲಿಡದೇ ಇರೋರು ತುಂಬಾ ಜನ ಇದಾರೆ. ಕೇಳಿದ್ರೆ "ನಮಗೆ ಅದೆಲ್ಲ ಅರ್ಥ ಆಗಲ್ಲ ಕಣ್ರೀ" ಅಂತಾರೆ. ಅರ್ಥ ಆಮೇಲೆ ನೋಡ್ಕೊಳೋಣ, ಮೊದಲು ಹೋಗಿ ಬನ್ನಿ.

ಆ ಮ್ಯಾನ್ಷನ್ನಲ್ಲಿ ಇರೋದು ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ. ದೆಹಲಿದು 1954ರಲ್ಲಿ ಶುರುವಾಯ್ತು, ಮುಂಬೈದು 1996ರಲ್ಲಿ, ನಮ್ದು 2009ರ ಫೆಬ್ರವರಿಲಿ. ಸೋಮವಾರ ರಜಾ, ಇದೊಂದನ್ನ ಮರೀಬೇಡಿ. ಟೈಮಿಂಗು, ಟಿಕೆಟ್ ರೇಟು ಆಗಾಗ ಬದಲಾಗತ್ತೆ, ಹೊರಡೋ ಮುಂಚೆ ಮೊಬೈಲಲ್ಲಿ ಒಂದ್ಸಲ ನೋಡ್ಕೊಳ್ಳಿ. ಭಾರತೀಯರಿಗೆ ಟಿಕೆಟ್ ಏನೂ ದುಬಾರಿ ಅಲ್ಲ, ಆಟೋ ಖರ್ಚೇ ಜಾಸ್ತಿ ಆಗತ್ತೆ. ಮೆಟ್ರೋಲಿ ಬರೋರು ವಿಧಾನಸೌಧ ಸ್ಟೇಷನ್ನಲ್ಲಿ ಇಳಿದು ಆಟೋ ಹಿಡೀರಿ. ದೊಡ್ಡ ಬ್ಯಾಗ್ ತರಬೇಡಿ, ಫೋಟೋ ತೆಗೀಬಹುದಾ ಅಂತ ಕೌಂಟರಲ್ಲೇ ಕೇಳ್ಬಿಡಿ.

ಒಳಗೆ ಹೋದ ತಕ್ಷಣ ಎಲ್ಲರೂ ಮಾಡೋ ತಪ್ಪು ಏನಪ್ಪಾ ಅಂದ್ರೆ, ಮೊದಲನೇ ಚಿತ್ರದ ಮುಂದೆ ನಿಂತು ಪಕ್ಕದಲ್ಲಿರೋ ಚೀಟಿ ಪೂರ್ತಿ ಓದೋದು, ಎರಡನೇದು ಓದೋದು, ಹಂಗೇ ಹತ್ತು ಹದಿನೈದು ಆಗೋಷ್ಟರಲ್ಲಿ ಕಾಲು ಸೋತು ಉಳಿದಿದ್ದನ್ನ ಬಸ್ ಕಿಟಕಿಲಿ ನೋಡಿದ ಹಾಗೆ ನೋಡ್ಕೊಂಡು ಹೊರಗೆ ಬರೋದು. ಹಂಗ್ ಬೇಡ. ಮೊದಲು ಏನೂ ಓದದೇ ಸುಮ್ನೆ ಒಂದು ರೌಂಡ್ ಹಾಕಿ. ಎಲ್ಲಿ ಕಾಲು ತಾನಾಗೇ ನಿಧಾನ ಆಗತ್ತೋ ಆ ಚಿತ್ರ ನೆನಪಲ್ಲಿಟ್ಕೊಳ್ಳಿ, ಮೂರು ನಾಲ್ಕು ಸಿಕ್ಕಿದ್ರೆ ಧಾರಾಳ ಆಯ್ತು.

ಎರಡನೇ ರೌಂಡಲ್ಲಿ ಅವುಗಳ ಹತ್ರ ಮಾತ್ರ ಹೋಗಿ, ಒಂದೊಂದಕ್ಕೂ ಐದು ನಿಮಿಷ ಕೊಡಿ. ತೈಲವರ್ಣ ಆದ್ರೆ ಎದುರಿಗೆ ನಿಂತಾಗ ಲೈಟ್ ಹೊಳೆದು ಏನೂ ಕಾಣಲ್ಲ, ಎರಡು ಹೆಜ್ಜೆ ಪಕ್ಕಕ್ಕೆ ಸರಿದ್ರೆ ಕುಂಚ ಓಡಿದ ದಾರಿ, ಬಣ್ಣ ದಪ್ಪ ಕೂತಿರೋ ಜಾಗ ಎಲ್ಲ ಕಾಣತ್ತೆ. ಜಲವರ್ಣ ಇರೋ ಕಡೆ ಬೆಳಕು ಕಮ್ಮಿ ಇದ್ರೆ ಕರೆಂಟ್ ಉಳಿಸ್ತಿದಾರೆ ಅನ್ಕೋಬೇಡಿ, ಜಾಸ್ತಿ ಬೆಳಕಿಗೆ ಆ ಬಣ್ಣ ಮಾಸಿ ಹೋಗತ್ತೆ. ಚೀಟಿ ಓದೋದು ಈಗ, ಕೊನೇಲಿ.

ಡಿಸ್ಪ್ಲೇ ಆಗಾಗ ಬದಲಾಗೋದ್ರಿಂದ ಇಂಥದ್ದೇ ಇರತ್ತೆ ಅಂತ ಗ್ಯಾರಂಟಿ ಕೊಡಕ್ಕಾಗಲ್ಲ. ರಾಜಾ ರವಿವರ್ಮ ಸಿಕ್ಕಿದ್ರೆ ಬಿಡಬೇಡಿ, 1894ರಲ್ಲಿ ಅವರು ಶುರು ಮಾಡಿದ ಪ್ರೆಸ್ಸಿಂದ ಬಂದ ಲಕ್ಷ್ಮಿ ಸರಸ್ವತಿ ಪಟಗಳೇ ನಮ್ಮ ಅಜ್ಜಿಯಂದಿರ ದೇವರ ಕೋಣೆ ಸೇರಿದ್ದು, ಹಾಗಾಗಿ ನಿಮಗೆ ಗೊತ್ತಿಲ್ಲದೇನೇ ನೀವು ಅವರ ಹಳೇ ಪರಿಚಯದವರು. ಜಾಮಿನಿ ರಾಯ್ ಕಲ್ಕತ್ತಾದಲ್ಲಿ ಪಾಶ್ಚಾತ್ಯ ಶೈಲಿ ಕಲಿತು ಆಮೇಲೆ ಅದನ್ನ ಬಿಟ್ಟು ಬಂಗಾಳದ ಹಳ್ಳಿ ಪಟಗಳ ಕಡೆ ತಿರುಗಿದವರು, ಅವರ ಚಿತ್ರಗಳಲ್ಲಿರೋ ಆ ದೊಡ್ಡ ಕಣ್ಣು ನೋಡಿದ್ರೆ ನನಗಂತೂ ಕಿನ್ನಾಳದ ಮರದ ಗೊಂಬೆ ನೆನಪಾಗತ್ತೆ. ಕಲಾವಿದೆ ಅಮೃತಾ ಶೇರ್‌ಗಿಲ್ ಬದುಕಿದ್ದು ಬರೀ 28 ವರ್ಷ. ಕವಿ ರವೀಂದ್ರನಾಥ ಟಾಗೋರರು ಚಿತ್ರ ಬರೆಯೋದನ್ನ ಸೀರಿಯಸ್ಸಾಗಿ ತಗೊಂಡಿದ್ದು ಅರವತ್ತು ದಾಟಿದ ಮೇಲೆ, ಈ ವಯಸ್ಸಲ್ಲಿ ಏನು ಅನ್ನೋ ಚಿಕ್ಕಪ್ಪಂದಿರನ್ನ ಅಲ್ಲಿಗೇ ಕರ್ಕೊಂಡು ಹೋಗಿ.

ಮಕ್ಕಳಿದ್ರೆ ಪಾಠ ಮಾಡ್ಬೇಡಿ, ಎಷ್ಟು ಪ್ರಾಣಿ ಸಿಗತ್ತೆ ಎಣಿಸು ಅಂತ ಬಿಟ್ಬಿಡಿ, ನಮಗಿಂತ ಚೆನ್ನಾಗಿ ನೋಡ್ತಾರೆ. ಸುಸ್ತಾದ್ರೆ ಹೊರಗೆ ಮರದ ನೆರಳಿದೆ, ಕೂತು ಮತ್ತೆ ಒಳಗೆ ಹೋಗ್ಬಹುದಾ ಅಂತ ಸೆಕ್ಯುರಿಟಿಯವರನ್ನ ಕೇಳಿ.

ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತೂ ದೂರ ಇಲ್ಲ, ರಷ್ಯಾ ಮೂಲದ ಕಲಾವಿದ ರೋರಿಕ್ ಚಿತ್ರಗಳು, ತೊಗಲುಗೊಂಬೆಗಳು ಎಲ್ಲ ಅಲ್ಲಿವೆ. ಆದ್ರೆ ಅದನ್ನ ಮುಂದಿನ ಶನಿವಾರಕ್ಕೆ ಇಟ್ಕೊಳ್ಳಿ, ಎರಡನ್ನೂ ಒಂದೇ ದಿನ ಮುಗಿಸಕ್ಕೆ ಹೋದ್ರೆ ಕಾಲುನೋವಿನ ಸಿಟ್ಟು ಪಾಪ ರೋರಿಕ್ ಮೇಲೆ ಹೋಗತ್ತೆ.