ಜಿ5 ಹಾಕಿದ್ದಕ್ಕಿಂತ ಕಾಗದ ಹುಡುಕಿದ್ದೇ ಜಾಸ್ತಿ

ಅಮೆರಿಕದಲ್ಲಿ ನಾನು ಹಾರಿಸುವ ಸೆಸ್ನಾ 172 ವಿಮಾನ 1974ರದ್ದು. ಗಾಳಿ ಎಳೆದು ಗೈರೋಗಳನ್ನು ತಿರುಗಿಸುವ ಅದರ ವ್ಯಾಕ್ಯೂಮ್ ಪಂಪ್ ಎರಡನೇ ಸಲ ಕೈಕೊಟ್ಟಾಗ ಸಾಕಪ್ಪಾ ಅನ್ನಿಸಿತು. ವಿಮಾನದ ವಾಲಿಕೆ, ದಿಕ್ಕು ತೋರಿಸುವ ಆ ಹಳೇ ಗೈರೋಗಳನ್ನು ತೆಗೆದು, ಅದೇ ಕೆಲಸ ಮಾಡುವ ಎರಡು ಎಲೆಕ್ಟ್ರಾನಿಕ್ ಸ್ಕ್ರೀನ್, ಅಂದರೆ ಗಾರ್ಮಿನ್ ಕಂಪನಿಯ ಜಿ5, ಹಾಕಿಸೋಣ ಎಂದುಕೊಂಡೆ. ಆಟೊಪೈಲಟ್ ಇರಲಿಲ್ಲ, ಪುಣ್ಯ. ಹಳೇ ಆಟೊಪೈಲಟ್‌ಗಳಲ್ಲಿ ಕೆಲವು ಆ ಗೈರೋಗಳನ್ನೇ ನೆಚ್ಚಿಕೊಂಡಿರುತ್ತವೆ. ಇದ್ದಿದ್ದರೆ ಕಥೆ ಬೇರೆಯೇ ಆಗುತ್ತಿತ್ತು.

ನಮ್ಮಂಥ ಸರ್ಟಿಫೈಡ್ ವಿಮಾನಗಳಿಗೆ ಜಿ5 ಹಾಕಲು ಎಸ್‌ಟಿಸಿ (ವಿಮಾನದ ಮೂಲ ವಿನ್ಯಾಸ ಬದಲಿಸಲು ಎಫ್‌ಎಎ, ಅಂದರೆ ಅಮೆರಿಕದ ವಿಮಾನಯಾನ ಇಲಾಖೆ, ಕೊಡುವ ಒಪ್ಪಿಗೆ) ಸಿಕ್ಕಿದ್ದು 2016ರಲ್ಲಿ. ಒಂದೇ ಎಸ್‌ಟಿಸಿ, ಅದರ ಜೊತೆಗೆ ನೂರಾರು ಮಾದರಿಗಳ ಪಟ್ಟಿ. ನನ್ನ ಮಾದರಿ ಆ ಪಟ್ಟಿಯಲ್ಲಿತ್ತು. ಮುಗೀತು ಅಂದುಕೊಂಡೆ. ನಮ್ಮ ಐಎ, ಅಂದರೆ ಇಂಥ ಬದಲಾವಣೆಗಳನ್ನು ಪರಿಶೀಲಿಸಿ ಸಹಿ ಹಾಕುವ ಅಧಿಕಾರವಿರುವ ಮೆಕ್ಯಾನಿಕ್, ನಕ್ಕರು. "ಪಟ್ಟಿ ನೋಡಿದ್ರಿ ಸರಿ, ಲಾಗ್‌ಬುಕ್ ನೋಡಿದ್ರಾ?"

ಅವರು ಕೇಳಿದ್ದಕ್ಕೆ ಕಾರಣವಿತ್ತು. ಹಿಂದೆ ಮಾಡಿದ ಬದಲಾವಣೆಗಳಿಗೂ ಹೊಸದಕ್ಕೂ ಹೊಂದುತ್ತದೆಯೇ ಎಂದು ನೋಡುವ ಹೊಣೆ ಅಳವಡಿಸುವವರದ್ದೇ. ಎಸ್‌ಟಿಸಿಯ ಷರತ್ತುಗಳಲ್ಲೇ ಹಾಗಿರುತ್ತದೆ. ನಮ್ಮ ವಿಮಾನಕ್ಕೆ ಹಿಂದೆ ಯಾರೋ ರೆಕ್ಕೆ ತುದಿ ಬದಲಿಸಿ ಸ್ಟ್ರೋಬ್ ದೀಪ ಹಾಕಿದ್ದರು. ಲಾಗ್‌ಬುಕ್‌ನಲ್ಲಿ ಒಂದು ಸಾಲಿತ್ತು, ದೊಡ್ಡ ಬದಲಾವಣೆಗಳನ್ನು ದಾಖಲಿಸುವ ಫಾರ್ಮ್ 337 ಮಾತ್ರ ಇರಲಿಲ್ಲ. ಓಕ್ಲಹೋಮ ಸಿಟಿಯ ಎಫ್‌ಎಎ ಕಚೇರಿಯಿಂದ ವಿಮಾನದ ಪೂರ್ತಿ ದಾಖಲೆ ತರಿಸಿದೆ. ಅಲ್ಲಿತ್ತು ನೋಡಿ, ಕೈಬರಹದಲ್ಲಿ, ಅರ್ಧ ಮಾಸಿದ ಪ್ರತಿ.

ಕೂರಿಸುವ ಕೆಲಸ ಸಲೀಸಾಗಿ ಸಾಗಿತು. ಸಿಕ್ಕಿಕೊಂಡದ್ದು ಮ್ಯಾಗ್ನೆಟೋಮೀಟರ್ ಹತ್ತಿರ, ಅಂದರೆ ಭೂಮಿಯ ಕಾಂತಕ್ಷೇತ್ರದಿಂದ ದಿಕ್ಕು ಅಳೆಯುವ ಸೆನ್ಸರ್ ಹತ್ತಿರ. ಅದನ್ನು ರೆಕ್ಕೆಯೊಳಗೆ ಹಾಕಿದ್ದೆವು, ಕಾಂತಕ್ಕೆ ಅಂಟದ ಸ್ಕ್ರೂಗಳನ್ನೇ ಬಳಸಿ. ಆಮೇಲೆ ವಿಮಾನದ ಬೇರೆ ಭಾಗಗಳು ಅದರ ಅಳತೆ ಕೆಡಿಸುತ್ತವೆಯೇ ಎಂಬ ಪರೀಕ್ಷೆ. ಸ್ಕ್ರೀನ್ ಮೇಲೆ ಅಳತೆ ಓಡುತ್ತಿರುವಾಗ ಒಬ್ಬರು ರೆಕ್ಕೆಯ ಹಿಂಬದಿಯ ಫ್ಲಾಪ್ ಇಳಿಸಬೇಕು, ಏಲಿರಾನ್ ಆಡಿಸಬೇಕು, ಒಂದೊಂದೇ ದೀಪ ಹಾಕಿ ತೆಗೆಯಬೇಕು. ಫ್ಲಾಪ್ ಮೋಟಾರ್ ಪಾಸ್. ಲ್ಯಾಂಡಿಂಗ್ ಲೈಟ್ ಪಾಸ್. ಸ್ಟ್ರೋಬ್ ಹಾಕಿದ ತಕ್ಷಣ ಫೇಲ್! ಮತ್ತೆ ಹಿಂದೆ ಯಾರೋ ಮಾಡಿದ್ದ ಆ ಹಳೇ ಕೆಲಸದ್ದೇ ಕಾಟ. ಸ್ಟ್ರೋಬ್‌ನ ಗ್ರೌಂಡ್ ಅನ್ನು ಅಲ್ಲೇ ರೆಕ್ಕೆಯ ಪಕ್ಕೆಗೆ ಕಟ್ಟಿಬಿಟ್ಟಿದ್ದರು. ಕರೆಂಟು ರೆಕ್ಕೆಯ ಲೋಹದಲ್ಲೇ, ಸೆನ್ಸರ್ ಪಕ್ಕದಲ್ಲೇ ಹಾದು ವಾಪಸ್ ಬರುತ್ತಿತ್ತು. ಬೇರೆ ಗ್ರೌಂಡ್ ವೈರ್ ಎಳೆದು, ಅದನ್ನು ಪವರ್ ವೈರ್ ಜೊತೆ ಹೊಸೆದು ಕ್ಯಾಬಿನ್‌ವರೆಗೆ ತಂದ ಮೇಲೆ ಪಾಸಾಯಿತು. ಎರಡು ದಿನ ಹೋಯಿತು. ಆ ಮಾಸಿದ 337 ಬರದಿದ್ದರೆ ಆ ವೈರು ಎಲ್ಲಿ ಸೇರುತ್ತದೆ ಎಂದು ಹುಡುಕಲು ಇನ್ನೆಷ್ಟು ದಿನ ಬೇಕಾಗುತ್ತಿತ್ತೋ.

ಹೊರಗಿನ ಗಾಳಿಯ ಒತ್ತಡವನ್ನು ಉಪಕರಣಗಳಿಗೆ ತಲುಪಿಸುವ ಸ್ಟ್ಯಾಟಿಕ್ ಲೈನ್ ಬಿಚ್ಚಿದ್ದರಿಂದ ಅದರ ಸೋರಿಕೆ ಪರೀಕ್ಷೆಯೂ ಆಗಬೇಕಿತ್ತು. ಪಂಪ್, ಪೈಪು, ಗೈರೋ ಎಲ್ಲ ಹೋದ ಮೇಲೆ ಖಾಲಿ ತೂಕ ಇಳಿಯಿತು, ತೂಕ, ಸಮತೋಲನದ ಲೆಕ್ಕವಿರುವ ಹೊಸ ವೇಟ್ ಅಂಡ್ ಬ್ಯಾಲೆನ್ಸ್ ಬರೆದರು. ಜಿ5 ಬಗ್ಗೆ ವಿಮಾನದ ಕೈಪಿಡಿಗೆ ಸೇರುವ ಪುರವಣಿ, ಅಂದರೆ ಫ್ಲೈಟ್ ಮ್ಯಾನ್ಯುಯಲ್ ಸಪ್ಲಿಮೆಂಟ್, ವಿಮಾನದೊಳಗೇ ಇರಬೇಕು. ಎಸ್‌ಟಿಸಿ ಬಳಸಲು ಕಂಪನಿ ಕೊಟ್ಟ ಅನುಮತಿ ಪತ್ರವನ್ನೂ ಜೋಪಾನ ಮಾಡಬೇಕು. ಸುಮಾರು ಜನ ಅದನ್ನು ಡಬ್ಬದ ಜೊತೆಗೇ ಎಸೆಯುತ್ತಾರೆ.

ಕೊನೆಗೆ ಐಎ ಹೊಸ 337ಗೆ ಸಹಿ ಹಾಕಿದರು. ಒಂದು ಪ್ರತಿ ನನಗೆ, ಇನ್ನೊಂದು 48 ಗಂಟೆಯೊಳಗೆ ಓಕ್ಲಹೋಮ ಸಿಟಿಗೆ. ಈ ಸಲ ಟೈಪ್ ಮಾಡಿಸಿದೆ, ಗ್ರೌಂಡ್ ವೈರಿನ ವಿಷಯವನ್ನೂ ಸೇರಿಸಿ. ವ್ಯಾಕ್ಯೂಮ್ ಗೇಜ್ ಇದ್ದ ತೂತಿಗೆ ಈಗ ಒಂದು ಅಲ್ಯೂಮಿನಿಯಂ ಮುಚ್ಚಳ. ಅದಕ್ಕೂ ಲಾಗ್‌ಬುಕ್‌ನಲ್ಲಿ ಒಂದು ಸಾಲಿದೆ.